ಆಂಟಿಬಯೋಟಿಕ್‌ಗೆ ಬಲ ತುಂಬುವ ಸಂಯುಕ್ತಗಳಿಗೂ ಬಯೋಫಿಲ್ಮ್‌ಗಳು ನಿರೋಧಕತೆ ಬೆಳೆಸಿಕೊಳ್ಳುತ್ತವೆಯೇ?

ಪ್ರಶ್ನೆ:
ಬ್ಯಾಕ್ಟೀರಿಯಾಗಳು ಬಯೋಫಿಲ್ಮ್ (ಮೇಲ್ಮೈಗೆ ಅಂಟಿಕೊಂಡ ಲೋಳೆಯಂಥ ಪದರ) ಆಗಿ ಬೆಳೆದಾಗ ಟೋಬ್ರಮೈಸಿನ್‌ನಂತಹ ಔಷಧಗಳು ಅಷ್ಟಾಗಿ ಫಲ ಕೊಡದ ಕಾರಣ, ತಾವಾಗಿ ಕೊಲ್ಲದೆ ಔಷಧದ ಪರಿಣಾಮವನ್ನು ಮಾತ್ರ ಹೆಚ್ಚಿಸುವ ಸಂಯುಕ್ತಗಳನ್ನು ಜೊತೆಗೆ ಬಳಸುವ ಪ್ರಯತ್ನಗಳು ನಡೆದಿವೆ. ಕೊಲ್ಲದ ವಸ್ತುವಿಗೆ ನಿರೋಧಕತೆ ಹುಟ್ಟಲು ಕಾರಣವೇ ಇಲ್ಲ ಎಂಬ ವಾದವನ್ನು ಓದಿದೆ. ಇದು ಸರಿಯೇ?

ಉತ್ತರ 1:
ಸಂಯುಕ್ತವನ್ನು ಒಂಟಿಯಾಗಿ ಬಳಸಿದರೆ ಆ ವಾದಕ್ಕೆ ಸ್ವಲ್ಪ ಬೆಲೆಯಿದೆ. ಆದರೆ ಚಿಕಿತ್ಸೆಯಲ್ಲಿ ಅದು ಎಂದಿಗೂ ಒಂಟಿಯಲ್ಲ. ಸಂಯುಕ್ತದ ಪರಿಣಾಮದಿಂದ ತಪ್ಪಿಸಿಕೊಂಡ ಕೋಶವು ಜೊತೆಗಿರುವ ಆಂಟಿಬಯೋಟಿಕ್‌ನಿಂದಲೂ ಪಾರಾಗುವುದರಿಂದ ಅಂಥ ಕೋಶಗಳೇ ಉಳಿದು ಹೆಚ್ಚುವಂತೆ ಮಾಡುವ ಆಯ್ಕೆಯ ಒತ್ತಡ ಇದ್ದೇ ಇರುತ್ತದೆ. ಅಮಾಕ್ಸಿಸಿಲಿನ್‌ನೊಂದಿಗೆ ಆ ಆಂಟಿಬಯೋಟಿಕ್ಕನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳನ್ನು ತಡೆಯುವ ಕ್ಲಾವುಲಾನಿಕ್ ಆಮ್ಲವನ್ನು ಸೇರಿಸಿದ ಔಷಧ 1981ರಲ್ಲಿ ಬಳಕೆಗೆ ಬಂದಿತು. 1990ರ ದಶಕದಲ್ಲಿ, ಒಂದೆರಡು ಅಮೈನೋ ಆಮ್ಲಗಳಷ್ಟೇ ಬದಲಾಗಿ ಆ ಆಮ್ಲಕ್ಕೆ ಜಗ್ಗದ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳು ರೋಗಿಗಳಿಂದ ಪಡೆದ ಇ. ಕೋಲೈಗಳಲ್ಲಿ ಕಂಡುಬಂದವು.

ಉತ್ತರ 2:
ಬಯೋಫಿಲ್ಮ್‌ಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಬ್ಯಾಕ್ಟೀರಿಯಾಗಳ ಪರಸ್ಪರ ರಾಸಾಯನಿಕ ಸಂವಹನವನ್ನು ತಡೆಯುವ ಸಿ-30 ಎಂಬ ಫ್ಯೂರನೋನ್‌ಗೆ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ನಿರೋಧಕತೆ ಬೆಳೆಸಿಕೊಳ್ಳುವುದನ್ನು 2012ರಲ್ಲಿ ವರದಿ ಮಾಡಲಾಯಿತು. ಮೆಕ್ಸ್‌ಆರ್ ಎಂಬ ನಿಯಂತ್ರಕ ಜೀನ್ ಕೆಟ್ಟರೆ, ಕೋಶದೊಳಗಿನ ವಸ್ತುಗಳನ್ನು ಹೊರದೂಡುವ ಪಂಪ್ ಅತಿಯಾಗಿ ತಯಾರಾಗಿ ಆ ಫ್ಯೂರನೋನನ್ನೂ ಹೊರಹಾಕುತ್ತದೆ. ನನಗೆ ನಿಜವಾಗಿಯೂ ಕಳವಳ ತರುವುದು ಮುಂದಿನ ಅಂಶ: ಅದೇ ಪಂಪ್ ಹಲವು ಆಂಟಿಬಯೋಟಿಕ್‌ಗಳನ್ನೂ ಹೊರಹಾಕುವುದರಿಂದ, ಸಹಾಯಕ ಸಂಯುಕ್ತವೇ ಔಷಧ ನಿರೋಧಕತೆಗೆ ದಾರಿ ಮಾಡಿಕೊಡಬಹುದು.

ಬಯೋಫಿಲ್ಮ್‌ನ ರಚನೆಯೂ ನಿರೋಧಕತೆ ಬೆಳೆಯಲು ಪೂರಕವಾಗಿದೆ. ಆಮ್ಲಜನಕವೂ ಪೋಷಕಾಂಶಗಳೂ ಪದರದಿಂದ ಪದರಕ್ಕೆ ಬದಲಾಗುವುದರಿಂದ ಭಿನ್ನ ಉತ್ಪರಿವರ್ತನೆಗಳನ್ನು (ಜೀನ್ ಬದಲಾವಣೆಗಳನ್ನು) ಹೊತ್ತ ವಂಶಗಳು ಒಂದನ್ನೊಂದು ಅಳಿಸಿಹಾಕದೆ ಅಕ್ಕಪಕ್ಕದಲ್ಲಿಯೇ ಉಳಿಯುತ್ತವೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಹೊಸ ಸಂಯುಕ್ತವನ್ನು ಪರೀಕ್ಷಿಸುವ ಕ್ರಮ ಹೇಗಿರಬೇಕು?

ಉತ್ತರ 2:
ದ್ರವದಲ್ಲಿ ತೇಲುವ ಕೋಶಗಳ ಮೇಲಿನ ಒಂದೇ ಪರೀಕ್ಷೆ ಸಾಲದು. ಬಯೋಫಿಲ್ಮ್‌ಗೆ ಔಷಧ ಮತ್ತು ಸಂಯುಕ್ತವನ್ನು ಒಟ್ಟಿಗೆ ಕೊಟ್ಟು, ಉಳಿದ ಕೋಶಗಳಿಂದ ಮತ್ತೆ ಬಯೋಫಿಲ್ಮ್ ಬೆಳೆಸಿ, ಈ ಚಕ್ರವನ್ನು ಹಲವು ಬಾರಿ ನಡೆಸಿ, ಕೊನೆಯಲ್ಲಿ ಜೀನೋಮ್‌ಗಳನ್ನು ಓದಬೇಕು. ಔಷಧವನ್ನಷ್ಟೇ ಕೊಟ್ಟ ಇನ್ನೊಂದು ಗುಂಪು ಹೋಲಿಕೆಗೆ ಇಲ್ಲದಿದ್ದರೆ, ಕಂಡ ಬದಲಾವಣೆ ಯಾವುದರ ವಿರುದ್ಧ ಬಂದದ್ದೆಂದು ಹೇಳಲಾಗದು. ವಿಕಾಸಗೊಂಡ ತಳಿಗಳು ಬೇರೆ ಔಷಧಗಳಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನೂ ಅಳೆಯಬೇಕು. ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ನೀಡಿ ಬೆಳೆಸಿದ, ಅಸಿನೆಟೋಬ್ಯಾಕ್ಟರ್ ಬೌಮಾನಿ ಎಂಬ ಬ್ಯಾಕ್ಟೀರಿಯಾದ ಬಯೋಫಿಲ್ಮ್‌ಗಳಲ್ಲಿ ಇನ್ನೊಂದು ಗುಂಪಿನ ಆಂಟಿಬಯೋಟಿಕ್‌ಗಳಾದ ಸೆಫಲೋಸ್ಪೋರಿನ್‌ಗಳಿಗೆ ಹೆಚ್ಚು ಸುಲಭವಾಗಿ ಬಲಿಯಾಗುವ ತಳಿಗಳು ಕಾಣಿಸಿಕೊಂಡದ್ದುಂಟು.