ಆನೆಕಿವಿ ಗಿಡದ ಎಲೆಗಳೆಲ್ಲ ಉದುರಿವೆ: ಗೆಡ್ಡೆಯಲ್ಲಿ ಜೀವ ಉಳಿದಿರಬಹುದೇ?

ಪ್ರಶ್ನೆ (ಬೆಂಗಳೂರಿನಿಂದ)
ಕಡುಹಸಿರು ಎಲೆಯ ಮೇಲೆ ಬಿಳಿಯ ನರಗಳು ಎದ್ದು ಕಾಣುವ ಅಲೊಕೇಸಿಯಾ (ಆನೆಕಿವಿ) ಗಿಡವೊಂದನ್ನು ಎರಡು ವರ್ಷಗಳಿಂದ ಬಾಲ್ಕನಿಯಲ್ಲಿ ಬೆಳೆಸುತ್ತಿದ್ದೇನೆ. ನರ್ಸರಿಯಲ್ಲಿ ಇದನ್ನು ‘ಅಮೆಜಾನಿಕಾ’ ಎಂದು ಕೊಟ್ಟಿದ್ದರು. ಮಳೆಗಾಲದಲ್ಲಿ ಐದು ಎಲೆಗಳಿದ್ದವು. ಬೆಳಗ್ಗೆ ನೋಡಿದರೆ ಪ್ರತಿ ಎಲೆಯ ತುದಿಯಲ್ಲೂ ಒಂದು ನೀರಹನಿ ತೂಗುತ್ತಿತ್ತು. ಡಿಸೆಂಬರ್ ಬಂದದ್ದೇ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗಿ ಬಿದ್ದುಹೋಗಿ, ಈಗ ಬರೀ ಮೋಟು ಉಳಿದಿದೆ. ದಿನ ಬಿಟ್ಟು ದಿನ ನೀರು ಹಾಕುತ್ತಲೇ ಇದ್ದೇನೆ. ಗಿಡ ಸತ್ತಿದೆಯೇ? ಊರಿನಿಂದ ಬಂದಿದ್ದ ಅತ್ತೆಯವರು ಇದರ ಎಲೆ ಪತ್ರೊಡೆಗೆ ಆಗುವುದೇ ಎಂದೂ ಕೇಳಿದ್ದರು.

ಉತ್ತರ 1
ಮೊದಲು ನೀರು ನಿಲ್ಲಿಸಿ. ಬೆಚ್ಚಗಿನ, ತೇವದ ಕಾಡುಗಳಿಂದ ಬಂದ ಕುಲದ ಈ ಗಿಡ, ಚಳಿ ಬಿದ್ದೊಡನೆ ಎಲೆಗಳನ್ನು ಕಳಚಿ ಗೆಡ್ಡೆಯಲ್ಲಿ ನಿದ್ರೆಗೆ ಜಾರುತ್ತದೆ. ಎಲೆಯಿಲ್ಲದ ಗಿಡ ನೀರನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ, ನಾವು ಪ್ರೀತಿಯಿಂದ ಹಾಕಿದ ನೀರೇ ಕುಂಡದಲ್ಲಿ ನಿಂತು ಗೆಡ್ಡೆಯನ್ನು ಕೊಳೆಸುತ್ತದೆ. ಮಣ್ಣು ಸರಿಸಿ, ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ, ಮೆತ್ತಗಾಗಿ ದುರ್ನಾತ ಬರುತ್ತಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ, ಉಳಿದುದನ್ನು ಒಣಗಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮತ್ತು ಇದ್ದಿಲಿನ ಚೂರು ಬೆರೆಸಿದ ಸಡಿಲ ಮಿಶ್ರಣದಲ್ಲಿ ನೆಡಿ. ಎಲೆತುದಿಯ ಹನಿ ರೋಗವಲ್ಲ. ರಾತ್ರಿ ಬೇರು ಹೀರಿದ ಹೆಚ್ಚಿನ ನೀರು ಹಾಗೆ ಹೊರಬರುತ್ತದೆ.

ಉತ್ತರ 2 (ಸಾಗರದಿಂದ)
ಪತ್ರೊಡೆಗೆ ಖಂಡಿತ ಬೇಡ. ಕೆಸುವೂ ಇದೂ ಒಂದೇ ಕುಟುಂಬದವು, ಎರಡರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಆದರೆ ನಮ್ಮ ಹಿರಿಯರು ಹುಳಿ ಹಾಕಿ, ಚೆನ್ನಾಗಿ ಬೇಯಿಸಿ ತಿನ್ನುತ್ತ ಬಂದದ್ದು ತಲೆಮಾರುಗಳಿಂದ ಗುರುತಿಟ್ಟುಕೊಂಡ ಕೆಸುವನ್ನೇ ಹೊರತು ಕುಂಡದ ಅಲಂಕಾರದ ಗಿಡವನ್ನಲ್ಲ. ಇದರ ರಸ ಬಾಯಿಗೆ ಹೋದರೆ ನಾಲಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ಮಕ್ಕಳು, ನಾಯಿ, ಬೆಕ್ಕುಗಳಿಗೆ ಎಟುಕದಂತೆ ಇಡಿ; ಗೆಡ್ಡೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಹೆಸರು ಕೇಳಿ ಅಮೆಜಾನ್ ಕಾಡಿನ ಗಿಡವೆಂದು ಹಲವರು ತಿಳಿಯುತ್ತಾರೆ. ಅಲೊಕೇಸಿಯಾ ಏಷ್ಯಾದ ಕಡೆಯ ಕುಲ; ಈ ಮಿಶ್ರತಳಿ 1950ರ ದಶಕದಲ್ಲಿ ಅಮೆರಿಕದ ಮಯಾಮಿಯ ನರ್ಸರಿಯೊಂದರಲ್ಲಿ ಹುಟ್ಟಿತು, ಆ ನರ್ಸರಿಯ ಹೆಸರೇ ಗಿಡಕ್ಕೆ ಬಂತು.

ಪ್ರಶ್ನೆ ಕೇಳಿದವರು
ಇವತ್ತು ಕುಂಡ ಬಗ್ಗಿಸಿ ನೋಡಿದೆ. ಬೇರು ಅರ್ಧಕ್ಕಿಂತ ಹೆಚ್ಚು ಕೊಳೆತಿದೆ, ಗೆಡ್ಡೆ ಮಾತ್ರ ಗಟ್ಟಿಯಾಗಿದೆ. ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪದ ಕಂದು ಮರಿಗೆಡ್ಡೆಗಳು ನಾಲ್ಕು ಸಿಕ್ಕವು. ಅವನ್ನೂ ನೆಡಬಹುದೇ?

ಉತ್ತರ 1
ನೆಡಬಹುದು. ಮೊನೆ ಮೇಲಕ್ಕಿರುವಂತೆ ತೇವದ ಕೋಕೋಪೀಟಿನಲ್ಲಿ ಅರ್ಧ ಹುದುಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಬೆಚ್ಚಗಿನ ಜಾಗದಲ್ಲಿಡಿ. ಮೊಳಕೆಗೆ ವಾರಗಟ್ಟಲೆ ಹಿಡಿಯಬಹುದು; ನಡುವೆ ಕಿತ್ತು ನೋಡಬೇಡಿ.