ಮುಂಬೈನ ಗಿರಣಗಾಂವ್ (ಬಟ್ಟೆ ಗಿರಣಿಗಳಿದ್ದ ಪ್ರದೇಶ) ಬಗ್ಗೆ ತಿಳಿದವರು ಹೇಳ್ತೀರಾ?

ಪ್ರಶ್ನೆ:
ನನ್ನ ಆಫೀಸು ಲೋವರ್ ಪರೇಲ್‌ನಲ್ಲಿ, ಹಳೆಯ ಬಟ್ಟೆ ಗಿರಣಿಯ ಕಾಂಪೌಂಡಿನೊಳಗೇ ಇದೆ. ಕಿಟಕಿಯಿಂದ ಚಿಮಣಿ ಕಾಣುತ್ತದೆ. ಇಲ್ಲಿ ಮೊದಲು ಯಾರೆಲ್ಲ ಇದ್ದರು? ಭಾನುವಾರ ಸುತ್ತಾಡಿದರೆ ಏನು ನೋಡಬಹುದು?

ಉತ್ತರ 1:
ಭಾನುವಾರ ಅಂದಿರಲ್ಲ, ಆ ವಾರದ ರಜೆಯೇ ಗಿರಣಿ ಕೆಲಸಗಾರರು ಗೆದ್ದದ್ದು. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಹೋರಾಡಿ 1890ರಲ್ಲಿ ಪಡೆದರು.

ನಾನು ಹುಟ್ಟಿ ಬೆಳೆದದ್ದು ಕರಿ ರೋಡ್ ಹತ್ತಿರದ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ. ಅಪ್ಪ ಪಾಳಿ ಮುಗಿಸಿ ಬಂದರೆ ಹುಬ್ಬಿನಲ್ಲೂ ಹತ್ತಿಯ ಎಳೆ ಇರುತ್ತಿತ್ತು. ಅಮ್ಮ ಅದೇ ಒಂದು ಕೋಣೆಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರೇ ಜಾಸ್ತಿ ಅಲ್ವಾ, ಅವರಿಗೆಲ್ಲ ಊಟ ಹಾಕಿದ್ದು ಇಂಥ ಹೆಂಗಸರು. ತಿಂಗಳ ಲೆಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಸಾಲು. ದಿನಸಿಗೆ ಬಡ್ಡಿ ಸಾಲ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಇಂಥವರಿಗೆ ಬ್ಯಾಂಕ್ ಸಾಲ ಸಿಗುವ ಹಾಗೆ ಮಾಡಿದರು. ಗಿರಣಗಾಂವ್‌ನ ದೊಡ್ಡವರು ಅಂದರೆ ನಾನು ಮೊದಲು ಹೇಳೋದು ಅವರ ಹೆಸರು.

ಅಂಬೇಡ್ಕರ್ ಅವರು ದಾದರ್‌ನ ತಮ್ಮ ಮನೆ ರಾಜಗೃಹಕ್ಕೆ ಹೋಗುವ ಮೊದಲು ಇದ್ದದ್ದು ಪರೇಲ್‌ನ ಬಿಐಟಿ (ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್) ಚಾಳಿನಲ್ಲಿ, ಕೋಣೆ ನಂಬರ್ 50 ಮತ್ತು 51. ಇನ್ನು ಮರಾಠಿ ಕವಿ ನಾರಾಯಣ ಸುರ್ವೆ. ಬೀದಿಯಲ್ಲಿ ಬಿಟ್ಟುಹೋದ ಕೂಸು ಅವರು. ಎತ್ತಿಕೊಂಡು ಸಾಕಿದ್ದು ಒಬ್ಬ ಗಿರಣಿ ಕೆಲಸಗಾರ, ಗಂಗಾರಾಮ್ ಸುರ್ವೆ. ಶಾಲೆಯಲ್ಲಿ ಜವಾನರಾಗಿದ್ದವರು ಮೇಷ್ಟ್ರಾದರು, 1998ರಲ್ಲಿ ಪದ್ಮಶ್ರೀ ಬಂತು.

ಉತ್ತರ 2:
1982ರ ಗಿರಣಿ ಮುಷ್ಕರ ಬಿಟ್ಟರೆ ಹೇಗೆ? ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಜನವರಿ 18ಕ್ಕೆ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ. ಎಷ್ಟೋ ಗಿರಣಿಗಳು ಮತ್ತೆ ಸುಧಾರಿಸಿಕೊಳ್ಳಲಿಲ್ಲ. ಫೀನಿಕ್ಸ್ ಮಿಲ್ ಮಾಲ್ ಆಯಿತು, ಕಮಲಾ ಮಿಲ್ಸ್ ಆಫೀಸು, ಹೋಟೆಲುಗಳಾದವು.

ಉತ್ತರ 1:
ಹೌದು, ಬರೆಯಬೇಕಿತ್ತು. ಬರೆಯೋಕೆ ಕೈ ಬರಲಿಲ್ಲ. ಆ ವರ್ಷ ಅಮ್ಮನ ಹತ್ತಿರ ಉಣ್ಣುತ್ತಿದ್ದವರು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಬಾಕಿ ಕೇಳಲು ಅಮ್ಮನಿಗೆ ಬಾಯಿ ಬರಲಿಲ್ಲ, ಕೊಡಲು ಅವರ ಹತ್ತಿರ ಇರಲಿಲ್ಲ. ದಿನಸಿ ಅಂಗಡಿಯ ಸಾಲ ಮಾತ್ರ ನಮ್ಮ ತಲೆ ಮೇಲೆ ಉಳಿಯಿತು.

ಪ್ರಶ್ನೆ ಕೇಳಿದವರು:
ಇಷ್ಟು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕಾ. ಬಿಐಟಿ ಚಾಳಿಗೆ ನಡೆದೇ ಹೋಗಬಹುದಾ?

ಉತ್ತರ 1:
ಧಾರಾಳವಾಗಿ. ಪರೇಲ್ ಸ್ಟೇಷನ್ನಿನಲ್ಲಿ ಇಳಿದು ಪೋಯ್‌ಬಾವಡಿ ಎಲ್ಲಿ ಅಂತ ಕೇಳಿ. ಚಾಳು ಅಂದರೆ ಜನ ಸಂಸಾರ ಮಾಡುವ ಜಾಗ, ಸುಮ್ನೆ ಬಾಗಿಲ ಮುಂದೆ ಫೋಟೊ ತೆಗೆಯಬೇಡಿ. ಹೊರಗೆ ಕೂತ ಹಿರಿಯರನ್ನು ಮಾತಾಡಿಸಿ, ಯಾವ ಗಿರಣಿಯಲ್ಲಿದ್ದಿರಿ ಅಂತ ಕೇಳಿ.