ವೆದರಿಂಗ್, ರೌಂಡೆಲ್, ವಾಶ್: ವಿಮಾನದ ಮಾದರಿಗೆ ಬಣ್ಣ ಹಚ್ಚುವವರಿಗೆ ಬೇಕಾದ ಪದಗಳು

ಗೆಳೆಯರೇ,

ಎರಡನೇ ಮಹಾಯುದ್ಧದ ವಿಮಾನಗಳ ಪ್ಲಾಸ್ಟಿಕ್ ಮಾದರಿಗಳಿಗೆ ಬಣ್ಣ ಹಚ್ಚುವ ಬಗ್ಗೆ ಹೊಸಬರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪ್ರೈಮರ್, ಕಾಕ್‌ಪಿಟ್, ಏರ್‌ಬ್ರಶ್ ಇಂಥವನ್ನು ಹಾಗೇ ಬಿಟ್ಟಿದ್ದೇನೆ. ಅವನ್ನು ಕನ್ನಡಿಸುವ ಹಟ ನನಗಿಲ್ಲ. ತೊಡಕಾಗಿರುವುದು ಕೊನೆಯ ಹಂತದ ಕೆಲಸಗಳಿಗೆ ಕನ್ನಡ ಪದ ಹುಡುಕುವುದು.

ಮೊದಲನೆಯದು ‘ವೆದರಿಂಗ್’. ಬಿಸಿಲು, ಮಳೆ, ಹೊಗೆ, ಜನರ ಓಡಾಟ ಎಲ್ಲ ಸೇರಿ ವಿಮಾನದ ಮೈಮೇಲೆ ಉಳಿಸುವ ಗುರುತುಗಳನ್ನು ಮಾದರಿಯ ಮೇಲೆ ಮೂಡಿಸುವುದು. ಭೂಗೋಳದ ಪಾಠಗಳಲ್ಲಿ ಇದೇ ಪದಕ್ಕೆ ‘ಶಿಥಿಲೀಕರಣ’ ಅಂತ ಇದೆ. ಬಂಡೆಗೆ ಅದು ಸರಿ. ಶಿಥಿಲವಾದ ವಿಮಾನವನ್ನು ಯಾರೂ ಹಾರಿಸುವುದಿಲ್ಲ ಅಲ್ವಾ? ‘ಹಳತು ಮಾಡುವುದು’ ಅನ್ನೋಣವೆಂದರೆ ಅದೂ ಹೊಂದುವುದಿಲ್ಲ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಎಷ್ಟೋ ಸ್ಪಿಟ್‌ಫೈರ್ ಯುದ್ಧವಿಮಾನಗಳು ಕೆಲವೇ ವಾರ ಬಾಳಿದವು. ವಿಮಾನ ಹೊಸದು, ಮೈಯೆಲ್ಲ ಗುರುತು. ‘ಹಳಸುವುದು’ ಅನ್ನಕ್ಕೇ ಇರಲಿ.

ನನಗನ್ನಿಸುವುದು, ಇಲ್ಲಿ ಒಂದೇ ಪದ ಹುಡುಕುವುದೇ ಕೆಲಸ ಕೆಡಿಸುತ್ತದೆ. ‘ವೆದರಿಂಗ್ ಮಾಡಿ’ ಅಂದರೆ ಹೊಸಬರು ಇಡೀ ಮಾದರಿಗೆ ಒಂದೇ ಸಮ ಕೊಳೆ ಬಳಿದು ಕೂರುತ್ತಾರೆ. ಕನ್ನಡದಲ್ಲಿ ಇದಕ್ಕೆ ಆಗಲೇ ಬೇರೆ ಬೇರೆ ಮಾತುಗಳಿವೆ. ಒಂದೊಂದೂ ಒಂದೊಂದು ಜಾಗದ್ದು. ಬಿಸಿಲು ಬೀಳುವ ರೆಕ್ಕೆಯ ಮೇಲ್ಭಾಗದಲ್ಲಿ ಬಣ್ಣ ಮಾಸುತ್ತದೆ. ಹಾಗಾಗಿ ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ ಅಲ್ಲಲ್ಲಿ ತೆಳ್ಳಗೆ ಹೊಡೆಯಬೇಕು. ಎಂಜಿನ್ನಿನ ಹೊಗೆಕೊಳವೆಯ ಹಿಂದೆ ಮಸಿ ಹಿಡಿಯುತ್ತದೆ. ಅದೂ ಬರೀ ಕಪ್ಪಲ್ಲ. ಆಗಿನ ವಿಮಾನದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರಿಂದ ಮಸಿಯ ನಡುವೆ ಬೂದು, ಕಂದು ಬಣ್ಣವೂ ಕಾಣುತ್ತದೆ. ಎಂಜಿನ್ನಿನ ಕೆಳಗೆ ಎಣ್ಣೆ ಸೋರಿ ಜಿಡ್ಡುಗಟ್ಟುತ್ತದೆ. ರೆಕ್ಕೆ ಮೈಗೆ ಸೇರುವ ಕಡೆ ಬೂಟುಗಾಲಿಗೆ ಬಣ್ಣ ಸವೆಯುತ್ತದೆ. ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಹತ್ತುವ ಬಾಗಿಲು ಎಡಗಡೆ ಇತ್ತು, ಆದ್ದರಿಂದ ಎಡಗಡೆ ಸವೆತ ಜಾಸ್ತಿ. ಪದೇ ಪದೇ ಬಿಚ್ಚಿ ಹಾಕುವ ಮುಚ್ಚಳಗಳ ಅಂಚಿನಲ್ಲಿ ಬಣ್ಣ ಚಕ್ಕೆ ಏಳುತ್ತದೆ. ‘ಚಿಪ್ಪಿಂಗ್’ ಅನ್ನುವುದು ಇದನ್ನೇ.

ಮಾಸು, ಮಸಿ ಹಿಡಿ, ಜಿಡ್ಡುಗಟ್ಟು, ಸವೆ, ಚಕ್ಕೆ ಏಳು. ಈ ಐದೂ ಮಾತು ಬಂದರೆ ಯಾವ ಗುರುತು ಎಲ್ಲಿಗೆ ಅನ್ನುವುದು ತಾನಾಗೇ ಬರುತ್ತದೆ. ಸ್ಪಿಟ್‌ಫೈರ್‌ನ ಬಾಲದ ರಡ್ಡರ್, ಅಂದರೆ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಹಲಗೆ, ಬಟ್ಟೆ ಹೊದಿಸಿದ್ದು. ಅಲ್ಲಿ ಬಣ್ಣ ಮಾಸಬಹುದು, ಚಕ್ಕೆ ಎದ್ದು ಒಳಗಿನ ತಗಡು ಕಾಣುವ ಮಾತೇ ಇಲ್ಲ. ಆದರೂ ಅಲ್ಲಿಗೂ ಬೆಳ್ಳಿ ಬಣ್ಣ ಚುಕ್ಕಿ ಇಟ್ಟ ಮಾದರಿಗಳನ್ನು ನೋಡುತ್ತಲೇ ಇರುತ್ತೇವೆ! ಇನ್ನು ಅಳತೆ. 1:72ರ ಮಾದರಿಯಲ್ಲಿ (ನಿಜವಾದದ್ದರ 72ನೇ ಒಂದು ಪಾಲಿನ ಅಳತೆ) ಒಂದು ಮಿಲಿಮೀಟರ್ ಚುಕ್ಕಿ ಅಂದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ದೊಡ್ಡ ಚಕ್ಕೆ.

ಅಧ್ಯಾಯದ ಹೆಸರಿಗಾದರೂ ಒಂದು ಪದ ಬೇಕು. ಸದ್ಯಕ್ಕೆ ‘ಬಳಕೆಗುರುತು’ ಅಂತ ಇಟ್ಟಿದ್ದೇನೆ. ಸ್ವಲ್ಪ ಸಪ್ಪೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಎರಡನೆಯದು ‘ರೌಂಡೆಲ್’. ಬ್ರಿಟಿಷ್ ವಿಮಾನಗಳ ರೆಕ್ಕೆ, ಮೈ ಮೇಲಿರುವ ದುಂಡನೆಯ ಬಣ್ಣದ ಗುರುತು. ‘ಚಕ್ರ’ ಅಂತ ಬರೆದರೆ ಓದುಗರು ಗಾಲಿಗೆ ಬಣ್ಣ ಹಚ್ಚಿಬಿಡುತ್ತಾರೆ. ನಾನು ‘ಬಿಲ್ಲೆ’ ಅಂತ ಬಳಸಿದ್ದೇನೆ. ದುಂಡಗಿರುವುದೂ ಬಿಲ್ಲೆ, ಯಾರ ಕಡೆಯವರು ಅಂತ ತೋರಿಸಲು ಎದೆಗೆ ಹಾಕಿಕೊಳ್ಳುವುದೂ ಬಿಲ್ಲೆ. ಬರ್ಮಾ ಕಡೆಯ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಬಿಲ್ಲೆಯಲ್ಲಿ ಯುದ್ಧದ ಕೊನೆಯ ವರ್ಷಗಳಲ್ಲಿ ಕೆಂಪು ಇರಲಿಲ್ಲ. ಜಪಾನಿನ ವಿಮಾನದ ಗುರುತೇ ಕೆಂಪು ಬಿಲ್ಲೆ. ದೂರದಿಂದ ನೋಡಿ ತಮ್ಮವರೇ ಗುಂಡು ಹಾರಿಸಬಾರದು ಅಂತ ನಡುವಿನ ಕೆಂಪನ್ನು ತೆಗೆದು ಕಡುನೀಲಿ, ತಿಳಿನೀಲಿ ಎರಡನ್ನೇ ಬಳಸಿದರು. ಈ ವಾಕ್ಯವನ್ನೆಲ್ಲ ‘ಬಿಲ್ಲೆ’ ಹಾಕಿ ಓದಿದರೆ ಎಲ್ಲೂ ಎಡವುವುದಿಲ್ಲ. ಯಾರಿಗಾದರೂ ಬೇರೆ ಅರ್ಥ ಬರುತ್ತದೆಯೇ?

ಈ ಬಿಲ್ಲೆಗಳು ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ ಡೀಕಾಲ್‌ಗಳಾಗಿ ಬರುತ್ತವೆ. ಮಂಕಾದ, ತರಿತರಿ ಬಣ್ಣದ ಮೇಲೆ ಕೂರಿಸಿದರೆ ಕೆಳಗೆ ಗಾಳಿ ಸಿಕ್ಕಿ ಸುತ್ತ ಬೆಳ್ಳಗೆ ಮಿನುಗುತ್ತದೆ. ಇಂಗ್ಲಿಷಿನವರ ‘ಸಿಲ್ವರಿಂಗ್’ ಇದು. ‘ಬೆಳ್ಳಿಗಟ್ಟುವುದು’ ಅಂದಿದ್ದೇನೆ, ಹರಳುಗಟ್ಟು, ಹೆಪ್ಪುಗಟ್ಟು ಇದ್ದ ಹಾಗೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಸುಮ್ನೆ ತಿಳಿಸಿದೆ.

‘ಡ್ರೈ ಬ್ರಶ್’ಗೆ ‘ಒಣಗುಂಚ’ ಅಂತ ಒಬ್ಬರು ಸೂಚಿಸಿದರು. ಸಂಧಿ ಸರಿಯಾಗೇ ಇದೆ. ಆದರೆ ಕಿವಿಗೆ ಬೀಳುವುದು ‘ಒಣಗು’. ಈ ಕೆಲಸದಲ್ಲಿ ‘ಬಣ್ಣ ಒಣಗಲಿ’ ಅಂತ ಸಾಲಿಗೊಮ್ಮೆ ಬರುವುದರಿಂದ ಗೊಂದಲ ಖಂಡಿತ. ಕುಂಚದ ಬಣ್ಣವನ್ನು ಬಹುಪಾಲು ಒರೆಸಿ, ಉಬ್ಬಿದ ಅಂಚಿಗೆ ಮಾತ್ರ ತಾಗುವ ಹಾಗೆ ಆಡಿಸುವುದು ಅದು. ‘ಒಣ ಕುಂಚ ಆಡಿಸುವುದು’ ಸಾಕಲ್ವಾ?

ಕೊನೆಗೆ ನಿಜವಾಗಿ ನನ್ನನ್ನು ಕಾಡುತ್ತಿರುವುದು ‘ವಾಶ್’. ತಗಡಿಗೆ ತಗಡು ಸೇರುವ ಕಡೆ ಮಾದರಿಯಲ್ಲಿ ಸಣ್ಣ ಗೀರುಗಳಿರುತ್ತವೆ. ಅದು ಪ್ಯಾನೆಲ್ ಲೈನ್. ಅದಕ್ಕೆ ‘ಸಂದುಗೆರೆ’ ಅಂತ ಇಟ್ಟೆ. ಮಿರುಗುವ ವಾರ್ನಿಶ್ ಹೊಡೆದು ಒಣಗಿದ ಮೇಲೆ, ತುಂಬ ತೆಳುವಾದ ಗಾಢ ಬಣ್ಣದಲ್ಲಿ ಕುಂಚದ ತುದಿ ಅದ್ದಿ ಸಂದುಗೆರೆಗೆ ಮುಟ್ಟಿಸಿದರೆ ಬಣ್ಣ ತಾನೇ ಗೆರೆಗುಂಟ ಓಡುತ್ತದೆ. ವಾಶ್ ಅಂದರೆ ಇದೇ. ಆಚೀಚೆ ಉಳಿದದ್ದನ್ನು ಥಿನ್ನರ್ ತಾಗಿಸಿದ ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ, ಗಾಳಿ ಹರಿಯುವ ದಿಕ್ಕಿನಲ್ಲೇ ಒರೆಸಬೇಕು. ಪೂರ್ತಿ ಕಪ್ಪು ಬೇಡ, ಕಂದು ಬೆರೆತ ಬೂದು ಸಾಕು. 0.2 ಮಿಲಿಮೀಟರ್ ಗೆರೆ ಅಂದರೆ 1:72ರ ಲೆಕ್ಕದಲ್ಲಿ ಒಂದೂವರೆ ಸೆಂಟಿಮೀಟರ್ ಸಂದಾಯಿತು. ಅದನ್ನು ಕಪ್ಪು ಮಾಡಿದರೆ ವಿಮಾನ ಬಾಯಿ ಬಿಟ್ಟ ಹಾಗೆ ಕಾಣುತ್ತದೆ.

ಇದರಲ್ಲಿ ತೊಳೆಯುವುದು ಏನೂ ಇಲ್ಲ. ‘ತಿಳಿಬಣ್ಣ’ ಅಂದರೆ ಪೇಲವ ಬಣ್ಣ ಅಂದುಕೊಳ್ಳುತ್ತಾರೆ. ‘ನೀರುಬಣ್ಣ’ ಬೇರೆಯೇ ವಸ್ತು. ‘ಇಂಗುಬಣ್ಣ’ ಅಂತ ಬರೆದು ನೋಡಿದೆ, ಒಗ್ಗರಣೆ ವಾಸನೆ ಬಂತು. ಈಗ ‘ಸಂದುಗೆರೆಗೆ ಬಣ್ಣ ಊಡಿಸುವುದು’ (ಉಣಿಸುವುದು) ಅನ್ನುವುದಕ್ಕೆ ಬಂದು ನಿಂತಿದ್ದೇನೆ. ಕೊಡುವವರು ಸ್ವಲ್ಪ ಸ್ವಲ್ಪವೇ ಕೊಡುವುದು, ಅದು ತಾನಾಗಿ ಒಳಗೆ ಇಳಿಯುವುದು, ಎರಡೂ ಅದರಲ್ಲಿವೆ. ‘ಊಡಿಸು’ ಈಗಲೂ ನಿಮ್ಮಲ್ಲಿ ಯಾರ ಮನೆಮಾತಿನಲ್ಲಿದೆ? ಇದ್ದರೆ ಬರೀ ಊಟಕ್ಕೋ, ಎಣ್ಣೆ ಬಣ್ಣಗಳಿಗೂ ಬರುತ್ತದೆಯೋ?